ತಿಮಿಂಗಿಲ ಉಳಿಸಿ, ಸಹಿ ಹಾಕಿ

ಸಂಡಿಗೆ ಒಣಗಿಸಲೆಂದು ನಾನು ಜೋಪಾನವಾಗಿ ಮಡಿಸಿಟ್ಟಿದ್ದ ನೀಲಿ ಟಾರ್ಪಾಲು ಒಂದು ಶನಿವಾರ ಬೆಳಿಗ್ಗೆ ತಿಮಿಂಗಿಲವಾಗಿಬಿಟ್ಟಿತು. ಮಾಡಿದವಳು ನನ್ನ ವಿದ್ಯಾರ್ಥಿನಿ ಸಿಂಚನ, ಅಕ್ಕೂರಿನ ರೇಷ್ಮೆ ಬೆಳೆಗಾರರ ಮನೆಯ ಹುಡುಗಿ. ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳೆರಡನ್ನು ಎದುರುಬದುರು ನಿಲ್ಲಿಸಿ, ಮೇಲೆ ಟಾರ್ಪಾಲು ಹೊದಿಸಿ, ಬಾಲಕ್ಕೆ ಎರಡು ಮೊರ ಕಟ್ಟಿ, ಮೂವರು ಹುಡುಗಿಯರು ಒಳಹೊಕ್ಕರು. ಸಾಕ್ಷಾತ್ ವರುಣದೇವನೇ ಬಂದಿದ್ದರೂ ಅದನ್ನು ಮಳೆಗೆ ಮುಚ್ಚಿಟ್ಟ ಟ್ರ್ಯಾಕ್ಟರ್ ಎಂದೇ ತಿಳಿಯುತ್ತಿದ್ದ. ಜೊತೆಗೆ ಹಳೆಯ ಸಂಡಿಗೆಯ ಜೀರಿಗೆ ಘಮ ಬೇರೆ.

ನಗಬೇಡಿ. ರಾಮನಗರಕ್ಕೂ ಕಡಲಿಗೂ ಏನು ನಂಟು ಎಂದು ನೀವು ಕೇಳುತ್ತೀರಿ, ನಾನೂ ಕೇಳಿದ್ದೆ. ನಮ್ಮಲ್ಲಿ ಬಂಡೆಗಳಿಗೆ ಬರವಿಲ್ಲ, ಆದರೆ ಅರ್ಕಾವತಿಯಲ್ಲಿ ಎಮ್ಮೆಯೊಂದು ಪೂರ್ತಿ ಮುಳುಗಿದರೆ ಅದೇ ವಿಶೇಷ. ಆದರೆ ಹಡಗು ಬಡಿದು, ಬಲೆಗೆ ಸಿಕ್ಕಿ ಸಾಯುವ ತಿಮಿಂಗಿಲಗಳ ಬಗ್ಗೆ ಎಲ್ಲೋ ಓದಿದಾಗಿನಿಂದ ಈ ಹುಡುಗಿಗೆ ಊಟ ಸೇರುತ್ತಿರಲಿಲ್ಲ. ಅವುಗಳಿಗಾಗಿ ಕಡಲಿನಲ್ಲಿ ಒಂದಿಷ್ಟು ಜಾಗ ಮೀಸಲಿಡಿ ಎಂದು ದಿಲ್ಲಿಗೆ ಮನವಿ ಬರೆದಳು. ಶನಿವಾರ ಸಂಜೆಯೊಳಗೆ ಊರಿನವರ ನೂರು ಸಹಿ ತಂದರೆ ಕಳಿಸುತ್ತೇನೆ, ಇಲ್ಲದಿದ್ದರೆ ನಿಮ್ಮ ಪರಿಸರ ಸಂಘ ಮುಚ್ಚಿ ಓದಿಕೊಳ್ಳಿ ಎಂದರು ಪ್ರಾಂಶುಪಾಲರು. ಮನವಿಯ ಕನ್ನಡ ತಿದ್ದಿದವಳು, ಕನ್ನಡದ ಮೇಡಂ ಆದ ನಾನು. ‘ಕಡಲಿನಲ್ಲಿ ಜಾಗ’ ಎಂಬುದು ತೀರಾ ಬಡಕಲಾಗಿ ಕಂಡು, ಮೂರು ದಿನ ತಿಣುಕಿ ‘ಸಾಗರಾಭಯಧಾಮ’ ಎಂಬ ಪದವನ್ನು ಹೆತ್ತೆ. ಕನ್ನಡಮ್ಮನಿಗೆ ಒಂದು ಒಡವೆ ಮಾಡಿಸಿಕೊಟ್ಟ ಬೀಗುವಿಕೆ ನನಗೆ.

ರೇಷ್ಮೆಗೂಡಿನ ಮಾರುಕಟ್ಟೆಯ ಮುಂದೆ ಹುಡುಗಿಯರು "ತಿಮಿಂಗಿಲ ಉಳಿಸಿ!" ಎಂದು ಕೂಗಿದ್ದೇ ತಡ, ಗೂಡು ಮಾರಿ ಹೊರಬಂದ ರೈತರೆಲ್ಲ ಸುತ್ತುಗಟ್ಟಿದರು. ಸಹಿ ಹಾಕಲು ಬಂದರೆಂದು ನಾವು ಹಿಗ್ಗಿದೆವು. ಮುಂದೆ ನಿಂತಿದ್ದ ನಿಂಗೇಗೌಡರೆಂಬ ಹಿರಿಯರು ಗದರಿಸಿದರು: "ಏನ್ರವ್ವಾ, ಓದಿರೋ ಮಕ್ಳು ನೀವು. ಲಂಚ ತಿನ್ನೋರ್ನ ಉಳ್ಸಿ ಅಂತ ಬೀದಿಗೆ ಬಂದಿದ್ದೀರಲ್ಲಾ, ನಾಚ್ಕೆ ಆಗಾಕಿಲ್ವಾ?"

ಆಗ ನನಗೆ ಹೊಳೆಯಿತು. ಟೀ ಹೀರುತ್ತಾ ಪತ್ರಿಕೆ ಓದುವ ನಮ್ಮ ಜನಕ್ಕೆ ತಿಮಿಂಗಿಲವೆಂದರೆ ಲೋಕಾಯುಕ್ತ ದಾಳಿಯಾದಾಗಲೂ ಸಿಕ್ಕಿಬೀಳದ ದೊಡ್ಡ ಸಾಹೇಬ! ಪಾಠದ ಗತ್ತಿನಲ್ಲೇ ನಾನು, ತಿಮಿಯೆಂಬ ಮೀನನ್ನು ನುಂಗುವುದು ತಿಮಿಂಗಿಲ, ಅದನ್ನೂ ನುಂಗುವುದು ತಿಮಿಂಗಿಲಗಿಲ ಎಂದು ವಿವರಿಸಿದೆ. "ಅದು ಅವ್ರ ಮೇಲಿನ ಸಾಹೇಬ್ರು ಕಣ್ಲಾ" ಎಂದು ಹಿಂದಿನಿಂದ ಯಾರೋ ಪಕ್ಕದವನಿಗೆ ಹೇಳಿದರು. ಜನ ಚದುರತೊಡಗಿದರು. ಒಂದು ಸಹಿಯೂ ಬಿದ್ದಿರಲಿಲ್ಲ. ಸಿಂಚನಳ ಗಲ್ಲ ಅದುರುವುದನ್ನು ನೋಡಿ ನನಗೂ ಅಳು ಬಂತು.

ಅವಳು ಗೌಡರ ಕೈ ಹಿಡಿದುಕೊಂಡಳು. "ತಾತ, ಇದು ನಿಜವಾದ ಪ್ರಾಣಿ ಕಣ್ ತಾತ. ಸಮುದ್ರದಾಗೆ ಐತೆ. ಮೊಟ್ಟೆ ಇಡಾಕಿಲ್ಲ, ಮರಿ ಹಾಕ್ತದೆ, ಹಾಲು ಕುಡಿಸ್ತದೆ."

"ಹಾಲಾ? ನೀರೊಳಗಾ?"

"ಊಂ. ಮರಿನ ಪಕ್ದಲ್ಲೇ ಇಟ್ಕಂಡು ಓಡಾಡ್ತದೆ. ಅದ್ಕೆ ಒಸಿ ಜಾಗ ಬುಡಿ ಅಂತ ಕೇಳ್ತಾ ಇದ್ದೀವಿ."

ಗೌಡರು ಮನವಿಯನ್ನು ತೋಳುದ್ದ ಹಿಡಿದು, "ಸಾಗರಾ... ಬಯ... ದಾಮ. ಇದ್ಯಾವ ಊರವ್ವಾ?" ಎಂದರು. ಮತ್ತೆ ಅವರೇ ತಲೆಯಾಡಿಸಿದರು. "ಗೋಮಾಳ ಅನ್ನು ಮಗಾ! ಹಾಲು ಕೊಡೋ ಜೀವಕ್ಕೆ ಗೋಮಾಳ ಬ್ಯಾಡ್ವಾ?"

ಊರಿನ ದನಗಳೆಲ್ಲ ಮೇಯಲೆಂದು ಬಿಟ್ಟ, ಯಾರೂ ಉಳಬಾರದ ನೆಲ ಗೋಮಾಳ. ಮೂರು ದಿನ ನಾನು ಹುಡುಕಿದ ಪದ ಈ ಜನರ ಬಾಯಲ್ಲೇ ಇತ್ತು. ನಾನು ಮಾತ್ರ ನಿಘಂಟಿನಲ್ಲಿ ಮುಳುಗಿದ್ದೆ. ನಾಚಿಕೆಯಾಯಿತು, ಖುಷಿಯೂ ಆಯಿತು. ಕೆಂಪು ಪೆನ್ನು ತೆಗೆದು ನನ್ನ ಸಾಗರಾಭಯಧಾಮಕ್ಕೆ ನಾನೇ ಗೀಟು ಎಳೆದು ‘ಕಡಲ ಗೋಮಾಳ’ ಎಂದು ಬರೆದೆ. ಹೋಗುತ್ತಿದ್ದವರು ಮರಳಿ ಬಂದರು. ಮಧ್ಯಾಹ್ನದೊಳಗೆ ಸಹಿ ನೂರು ದಾಟಿತು. ಮೊದಲ ಸಹಿ ಗೌಡರದು. ಹಾಕುವ ಮುನ್ನ ಅವರು ಎಲ್ಲರಿಗೂ ಕೇಳುವಂತೆ ಹೇಳಿದರು:

"ನಮ್ಮೂರ ಗೋಮಾಳನ ತಿಮಿಂಗಿಲ ನುಂಗಾಕ್ಬುಡ್ತು. ತಿಮಿಂಗಿಲದ ಗೋಮಾಳನಾದ್ರೂ ಉಳೀಲಿ, ಕೊಡವ್ವಾ ಪೆನ್ನ."