ಎದುರುಮನೆ ಕಾಕಾ ನೋಡಿದ ದವಡೆ

ಮೊನ್ನೆ ಡೆಂಟಿಸ್ಟ್ ಕೊಟ್ಟ ಫಾಲ್ಸ್ ಟೀತ್ ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದೆ. ಮುಂದೆ ಕಚ್ಚುವ ಹಲ್ಲು, ಹಿಂದೆ ಅರೆಯುವ ಅಗಲ ಹಲ್ಲು... ರೋಣದ ನಮ್ಮ ಎದುರುಮನೆ ಕಾಕಾ ನೆನಪಾದರು. ನಾನಾಗ ಒಂಬತ್ತರ ಹುಡುಗಿ. ನರಗುಂದದ ರೈತರ ಗದ್ದಲಕ್ಕೆ ಇನ್ನೂ ಎರಡು ಮೂರು ವರ್ಷವಿತ್ತು.

ಕಾಕಾ ದನದ ಸಂತೆಯಲ್ಲಿ ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವವರು. ಎತ್ತಿನ ತುಟಿ ಎತ್ತಿ, ಎರಡು ಹಲ್ಲೋ, ನಾಲ್ಕೋ, ಎಲ್ಲ ಹಲ್ಲೂ ಬಂದು ಬಾಯಿಗೂಡಿ ಮುದಿಯಾಯಿತೋ ಎಂದು ಹೇಳಿದರೆ ಮುಗಿಯಿತು. ಗಜೇಂದ್ರಗಡದವರೂ ಆ ಮಾತು ನಂಬಿ ಎತ್ತು ಕೊಳ್ಳುತ್ತಿದ್ದರು. ಆ ನಂಬಿಕೆಯೇ ಅವರ ಅನ್ನ.

ಒಂದು ಸಂತೆಗೆ ಕರಾವಳಿಯ ಉಪ್ಪಿನ ವ್ಯಾಪಾರಿಯೊಬ್ಬ ಮೊಳದುದ್ದದ ದವಡೆ ತಂದಿದ್ದ. ಸಾಲಾಗಿ ಮೊನಚು ಹಲ್ಲು, ಎಲ್ಲವೂ ಒಂದೇ ಅಚ್ಚು. ಕಾಕಾ ಎಲ್ಲರೆದುರು, "ಮೊಸಳಿ," ಎಂದರು.

"ಅಲ್ಲ, ಇದು ಕಡಲಹಂದಿ. ಮರಿಗೆ ಹಾಲು ಕೊಡ್ತದೆ, ನಾನೇ ಕಂಡಿದ್ದೇನೆ," ಎಂದ ವ್ಯಾಪಾರಿ. ಡಾಲ್ಫಿನ್ ಎಂಬ ಹೆಸರು, ಅದು ತಿಮಿಂಗಿಲದ ಕುಲವೆಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

"ಹಾಲ ಕುಡದ ಬೆಳಿಯೋ ಪ್ರಾಣಿಗೆ ಮುಂದಿನ ಹಲ್ಲ ಬ್ಯಾರೆ, ದವಡಿ ಹಲ್ಲ ಬ್ಯಾರೆ. ನನಗ ಹಲ್ಲ ಕಲಸ್ತಿಯೇನು?"

ಆದರೂ ದವಡೆಯನ್ನು ಕೇಳಿ ಮನೆಗೆ ತಂದರು. ಕಟ್ಟೆಯ ಮೇಲೆ ನನ್ನೆದುರು ಕುಳಿತು ಒಂದು ಹಲ್ಲು ಕಿತ್ತು, ಕುಳಿಯಲ್ಲಿ ಕಡ್ಡಿಯಾಡಿಸಿದರು. ಮೊಸಳೆಗಾದರೆ ಹಳೆಯ ಹಲ್ಲಿನ ಕೆಳಗೆ ಹೊಸದು ಕಾದಿರುತ್ತದೆ; ಹೊಳೆಆಲೂರಿನಲ್ಲಿ ಸತ್ತು ಬಿದ್ದಿದ್ದ ಮೊಸಳೆಯಲ್ಲಿ ಅದನ್ನು ಕಂಡಿದ್ದರು. ಇಲ್ಲಿ ಕುಳಿ ಖಾಲಿ; ವ್ಯಾಪಾರಿ ಹೇಳಿದ್ದೇ ನಿಜ.

"ನೋಡವಾ, ಮೀನ ಇಡೀದs ನುಂಗೋ ಪ್ರಾಣಿ ಇದು. ಹಿಡಿದ್ರ ಸಾಕು, ಅಗಿಯೋ ಕೆಲಸ ಇಲ್ಲ. ಇದರ ಹಿರ್ಯಾರಿಗೆ ದವಡಿ ಹಲ್ಲ ಇದ್ದಿರಬೇಕು... ಬ್ಯಾಡಾಗಿ ಹ್ವಾದ್ವೇನೋ."

"ಮಂದಿಗೆ ಹೇಳಬ್ಯಾಡ್ರಿ ಕಾಕಾ," ಎಂದೆ.

"ಎತ್ತಿನ ಬಾಯಿ ನೋಡಿ ಸುಳ್ಳ ಹೇಳದಾವ, ಇದನ್ನ ನೋಡಿ ಹೇಳ್ಲೇನ?"

ಮುಂದಿನ ಸಂತೆಯಲ್ಲಿ ತಪ್ಪಿದೆನೆಂದು ತಾವೇ ಹೇಳಿದರು. "ಕಾಕಾರ, ನಮ್ಮ ಎತ್ತರೆ ಎತ್ತ ಹೌದ್ರಿಲ್ಲೊ, ಅದೂ ಮೊಸಳಿನೋ?" ಎಂದನೊಬ್ಬ. ಎಲ್ಲರ ಜೊತೆ ಕಾಕಾನೂ ನಕ್ಕರು. ಆದರೆ ಎತ್ತುಗಳು ಒಂದೊಂದಾಗಿ ಬೇರೆಯವರ ಕಡೆ ಹೋದವು. ವರ್ಷ ತುಂಬುವುದರೊಳಗೆ ಕಾಕಾ ಸಂತೆಗೆ ಹೋಗುವುದನ್ನೇ ಬಿಟ್ಟರು.

ತಂದೆಗೆ ಬೆಳಗಾವಿಗೆ ವರ್ಗವಾಯಿತು. ನಾನು ಕಾನ್ವೆಂಟ್ ಸೇರಿದೆ. ಅಲ್ಲಿ ಸಿಸ್ಟರ್ ಒಬ್ಬರ ನ್ಯಾಚುರಲ್ ಹಿಸ್ಟರಿ ಪುಸ್ತಕದಲ್ಲಿ ಒಂದು ಪುಟ... ಅಮೆರಿಕದ ನೆಲದಲ್ಲಿ ಸಿಕ್ಕ ಹಳೆಯ ಎಲುಬುಗಳನ್ನು ವಿದ್ವಾಂಸರೊಬ್ಬರು ಮೊಸಳೆಯಂಥ ದೊಡ್ಡ ಹಲ್ಲಿಯ ಜಾತಿಯೆಂದರಂತೆ. ಇನ್ನೊಬ್ಬರು ಹಲ್ಲು ನೋಡಿದರೆ ಹಿಂದಿನವಕ್ಕೆ ಎರಡೆರಡು ಬೇರು, ಹಾಲು ಕುಡಿದು ಬೆಳೆಯುವ ಪ್ರಾಣಿಗಷ್ಟೇ ಇರುವಂಥದು: ಅದು ಪುರಾತನ ಕಾಲದ ತಿಮಿಂಗಿಲ. ಕಡಲಹಂದಿಯ ಹಿರಿಯರಿಗೆ ದವಡೆ ಹಲ್ಲು ಇತ್ತು, ಕಾಕಾ ಹೇಳಿದಂತೆಯೇ! ಮೊದಲಿನವರು ತಪ್ಪು ಒಪ್ಪಿಕೊಂಡರಂತೆ; ಪುಸ್ತಕ ಅವರನ್ನು ಜೆಂಟಲ್‌ಮನ್ ಎಂದೇ ಕರೆದಿತ್ತು.

ಆ ಪುಟವನ್ನು ಕನ್ನಡದಲ್ಲಿ ಬರೆದುಕೊಂಡು ರಜೆಗೆ ರೋಣಕ್ಕೆ ಹೋದೆ. ಕಾಕಾ ತೀರಿ ಆರು ತಿಂಗಳಾಗಿತ್ತು.

ಇವತ್ತು ಪೆಟ್ಟಿಗೆಯಿಂದ ಆ ಹಾಳೆ ತೆಗೆದೆ. "ಕಾಕಾ, ನಿಮ್ಮಂಗ ಇನ್ನೊಬ್ಬರೂ ತಪ್ಪಿದ್ರಂತ..." ಎಂದು ಶುರುವಾಗುತ್ತದೆ. ಗಟ್ಟಿಯಾಗಿ ಓದಿದೆ. ಕೋಣೆಯಲ್ಲಿ ನಾನೊಬ್ಬಳೇ ಇದ್ದೆ.