ಗಾಲ್ಫ್ ಚೀಲದಲ್ಲಿ ಮದುವೆಯ ಅಂಗಿ

ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣದ ಸಾಲಿನಲ್ಲಿ ನಮ್ಮ ಗಾಲ್ಫ್ ಚೀಲ ಎಲ್ಲರ ಕಾಲಿಗೂ ತಾಗುತ್ತಿತ್ತು. ರಜೆಗೆಂದು ಥಾಯ್ಲೆಂಡಿಗೆ ಹೊರಟಿದ್ದೆವು; ಅಲ್ಲಿ ಗಂಡನಿಗೆ ಗಾಲ್ಫ್, ನನಗೆ ನೆರಳು. ಕೋಲುಗಳು ಒಂದಕ್ಕೊಂದು ಬಡಿಯದಿರಲೆಂದು ಇವರ ತೆಳು ಹತ್ತಿ ಬಟ್ಟೆಗಳನ್ನೆಲ್ಲ ಅವುಗಳಿಗೇ ಸುತ್ತಿದ್ದೆ. ಹೋದ ಮೇ ತಿಂಗಳು ಕಲಬುರಗಿಯಲ್ಲಿ ನಡೆದ ನನ್ನ ತಂಗಿಯ ಮದುವೆಗೆಂದು ಇವರಿಗೆ ಕೊಂಡಿದ್ದ ಬಿಳಿ ಅಂಗಿಯೂ ಅದರಲ್ಲಿತ್ತು. "ಆ ಬಿಸಿಲು ನನ್ನ ಕೈಲಿ ಆಗಂಗಿಲ್ಲ" ಎಂದು ಇವರು ಆಗ ಹೊರಡಲಿಲ್ಲ. ಅಳಿಯ ಯಾಕೆ ಬರಲಿಲ್ಲ ಎಂದು ಎಲ್ಲರೂ ಕೇಳುತ್ತಾರೆಂದು ನಾನೂ ಹೋಗಲಿಲ್ಲ. ಹೋಗಬೇಕಿತ್ತು.

"ಅಲ್ಲಿ ತುಂಬಾ ಸೆಕೆ, ಜೋಪಾನ" ಎಂದು ಕೌಂಟರಿನ ಹುಡುಗಿ ಇಂಗ್ಲಿಷಿನಲ್ಲಿ ಎಚ್ಚರಿಸಿದಳು. ಕಲಬುರಗಿಯಲ್ಲಿ ಹುಟ್ಟಿದವನಿಗೆ ಅದೇನು ಮಹಾ ಎಂದು ಇವರೂ ಇಂಗ್ಲಿಷಿನಲ್ಲೇ ಹೇಳಿ ನಕ್ಕರು.

ನಾನು ಮೆಲ್ಲಗೆ ಹೇಳಿದೆ: "ಮದುವಿ ಅಂಗಿ ಚೀಲದಾಗ ಇಟ್ಟೀನ್ರಿ."

ಬೆಲ್ಟಿನ ಮೇಲೆ ಜಾರುತ್ತಿದ್ದ ಚೀಲವನ್ನೇ ನೋಡುತ್ತ ಇವರು ಕೇಳಿದರು, "ಯಾರ ಮದುವಿ?"