ಖಾಲಾ ತಿಕ್ಕದ ಹೊಟ್ಟೆ

ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಖಾಲಾರ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ಜನರ ಹೊಟ್ಟೆಗೆ ಔಡಲೆಣ್ಣೆ ತಿಕ್ಕಿ ತಿಕ್ಕಿ ಅಂಗೈ ಗೆರೆಗಳೇ ಮಾಸಿಹೋಗಿದ್ದವು. ಸರಸಂಬಾದ ನಮ್ಮ ಓಣಿಯಲ್ಲಿ ಯಾರಿಗೆ ಹೊಟ್ಟೆ ನೊಂದರೂ 'ಬಟ್ಟಿ ಸರಿದದ', ಅಂದರೆ ಹೊಕ್ಕಳು ಜಾಗ ಬಿಟ್ಟಿದೆ ಎಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅವರ ಚಾಪೆಯ ಮೇಲೆ ಹೋಗಿ ಮಲಗುವುದೇ. ತಿಕ್ಕಿ ಮುಗಿಸಿ, "ಏಳ್ರಿ, ಮನ್ಯಾಗ ಜಗಳ ಮಾಡೂವಷ್ಟು ಆರಾಮ ಆಗೀರಿ" ಎನ್ನುತ್ತಿದ್ದರು.

ಆ ಚಾಪೆಗೆ ನನ್ನಂಥ ಕಾಯಂ ಗಿರಾಕಿ ಇನ್ನೊಬ್ಬಳಿರಲಿಲ್ಲ. ಸದಾ ಹಳದಿ ಕಣ್ಣು, ತಿಂಗಳಿಗೊಮ್ಮೆ ಹೊಟ್ಟೆನೋವು. ಆರನೇ ತರಗತಿಯಲ್ಲಿದ್ದಾಗ ಒಂದು ಬೆಳಿಗ್ಗೆ ಖಾಲಾರ ಕೈ ನನ್ನ ಎಡಪಕ್ಕೆಯ ಕೆಳಗೆ, ಗಡ್ಡೆಯೊಂದರ ಮೇಲೆ ನಿಂತುಬಿಟ್ಟಿತು.

"ಇದು ಬಟ್ಟಿ ಅಲ್ಲ. ದವಾಖಾನಿಗಿ ಒಯ್ರಿ."

"ಒಂದು ಸಲ ತಿಕ್ಕಿ ನೋಡ್ರಿ ಖಾಲಾ," ಎಂದಳು ಅವ್ವ.

"ನನ್ನ ಮಗಳಿಗೂ ಹಿಂಗೇ ಗಡ್ಡಿ ಇತ್ತು. ತಿಕ್ಕಿದ್ದೆ. ಸಂಜಿಗಿ ಹೋದ್ಲು."

ಮಗಳು ತೀರಿದ್ದು ಓಣಿಗೆ ಗೊತ್ತಿತ್ತು, ಹೇಗೆಂದು ಗೊತ್ತಿರಲಿಲ್ಲ. ಆಳಂದ ದಾಟಿ ಕಲಬುರಗಿ ಮುಟ್ಟುವವರೆಗೂ ಖಾಲಾ ಜೀಪಿನಲ್ಲಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಅವ್ವನಿಗೂ ನನ್ನ ಹೊಟ್ಟೆ ಮುಟ್ಟಲು ಬಿಡಲಿಲ್ಲ.

ದವಾಖಾನೆಯಲ್ಲಿ ರಕ್ತ ಏರಿಸಿದರು. ಸಿಕಲ್ ಸೆಲ್ ಎಂದರು. ರಕ್ತಕಣಗಳು ಕುಡಗೋಲಿನಂತೆ ಬಾಗಿ, ಎಡಪಕ್ಕೆಯ ಗುಲ್ಮದಲ್ಲಿ ಸಿಕ್ಕಿಕೊಂಡು, ಮೈಯ ರಕ್ತವೆಲ್ಲ ಅಲ್ಲೇ ಕಟ್ಟಿ ನಿಂತಿತ್ತಂತೆ.

"ತಿಕ್ಕಿದ್ರ ಏನಾಗ್ತಿತ್ರಿ?" ಎಂದು ಕೇಳಿದರು ಖಾಲಾ.

"ಗುಲ್ಮ ಒಡೆದುಬಿಡುತ್ತಿತ್ತು. ನೀವು ತಿಕ್ಕಲಿಲ್ಲ, ಹುಡುಗಿ ಉಳಿದಳು," ಎಂದರು ಡಾಕ್ಟರು, ಮೆಚ್ಚುಗೆಯಿಂದಲೇ. ಯಾರ ಮುಂದೆ ಈ ಮಾತು ಆಡುತ್ತಿದ್ದೇನೆಂದು ಪಾಪ ಅವರಿಗೇನು ಗೊತ್ತು?

ಅಲ್ಲಿಂದ ಬಂದಮೇಲೆ ಖಾಲಾ ಯಾರ ಹೊಟ್ಟೆಯನ್ನೂ ಮುಟ್ಟಲಿಲ್ಲ. ನಾನು ಓಣಿಯಲ್ಲಿ ಹೊರಟರೆ ನನ್ನನ್ನಲ್ಲ, ನನ್ನ ಹಿಂದಿನ ಖಾಲಿ ಜಾಗವನ್ನು ನೋಡುತ್ತಿದ್ದರು, ಅಲ್ಲಿ ಇನ್ನೊಬ್ಬಳು ನಡೆದು ಬರುತ್ತಿದ್ದಾಳೆ ಎನ್ನುವಂತೆ. ನನಗೆ ಹೆದರಿಕೆಯಾಗುತ್ತಿತ್ತು. ಜೀವ ಉಳಿಸಿದವರನ್ನು ಕಂಡು ದಾರಿ ಬದಲಿಸುತ್ತಿದ್ದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹೋದ ವರ್ಷ ಪಿತ್ತಕೋಶದ ಕಲ್ಲು ತೆಗೆಸಿಕೊಳ್ಳಲು ದವಾಖಾನೆ ಸೇರಿದ್ದೆ; ಅದೂ ಇದೇ ಕಾಯಿಲೆಯ ಬಳುವಳಿ. ಅಲ್ಲಿಯ ಡಾಕ್ಟರಮ್ಮನಿಗೆ ಖಾಲಾರ ಮಗಳ ವಿಷಯ ಹೇಳಿದೆ. "ತಿಕ್ಕದಿದ್ದರೂ ಆ ಮಗು ಉಳಿಯದೇ ಇರಬಹುದಿತ್ತು. ಈಗ ಯಾರಿಗೂ ಹೇಳಲು ಬರುವುದಿಲ್ಲ," ಎಂದರು.

ಊರಿಗೆ ಬಂದಾಗ ಖಾಲಾ ಹಾಸಿಗೆ ಹಿಡಿದಿದ್ದರು. ಪಕ್ಕದಲ್ಲಿ ಕೂತು, "ನಿಮ್ಮ ಕೈಯಿಂದ ಏನೂ ಆಗಿಲ್ಲ ಖಾಲಾ. ಡಾಕ್ಟರ್ ಹೇಳ್ಯಾರ," ಎಂದೆ.

ಈ ಸಲ ಅವರು ನನ್ನ ಮುಖವನ್ನೇ ನೋಡಿದರು.

"ಸುಳ್ಳು ಹೇಳಾಕ ಬರಂಗಿಲ್ಲ ಬೇಟಾ ನಿನಗ," ಎಂದರು. ಆಮೇಲೆ, "ಇನ್ನೊಮ್ಮಿ ಹೇಳು," ಎಂದರು.

ಹೇಳಿದೆ. ಮರುದಿನವೂ ಹೋಗಿ ಹೇಳಿದೆ. ಅವರು ಕಣ್ಣು ಮುಚ್ಚುವವರೆಗೆ, ಎಂಟು ದಿನ, ದಿನಾ ಹೋಗಿ ಹೇಳಿದೆ.